ತೂಕ ಇಳಿಸುತ್ತಿದ್ದೀರಾ? ದಯವಿಟ್ಟು ಈಗಲೇ ನಾಲ್ಕು ಪ್ಯಾಂಟ್ ತಗೋಬೇಡಿ

ಆಷಾಢ ಸೇಲ್ ಬೋರ್ಡ್ ನೋಡಿದಾಗಲೆಲ್ಲ ಈಗ ನನಗೆ ನನ್ನ ಬಲ ತೊಡೆ ನೆನಪಾಗುತ್ತದೆ. ಕಳೆದ ವರ್ಷ ಪ್ಯಾಂಟ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಬೇರೆ ಯಾರೂ ಮಾಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ. ತೂಕ ಇಳಿಸುತ್ತಿರುವವರು, ಅದರಲ್ಲೂ ದಿನಾ ಪ್ಯಾಂಟ್ ಹಾಕಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳು, ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ.

ನಾನಿರುವುದು ಹಾಸನದಲ್ಲಿ. ಬಿ.ಎಂ. ರಸ್ತೆಯ ಒಂದು ಗಾಡಿ ಷೋರೂಮಿನಲ್ಲಿ ಕೆಲಸ. ನಮ್ಮ ಯೂನಿಫಾರ್ಮ್ ಕಪ್ಪು ಪ್ಯಾಂಟ್, ತಿಳಿನೀಲಿ ಶರ್ಟ್. ಅದೂ ಶರ್ಟ್ ಇನ್ ಮಾಡಿಕೊಳ್ಳಬೇಕು. ಕುರ್ತಿ ಹಾಕುವವರಿಗೆ ಪ್ಯಾಂಟ್ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ನಡೆಯುತ್ತೆ, ಮೇಲಿನದು ಮುಚ್ಚುತ್ತೆ. ನಮಗೆ ಆ ಅನುಕೂಲ ಇಲ್ಲ.

ಫೆಬ್ರವರಿಯಲ್ಲಿ ರಕ್ತ ಪರೀಕ್ಷೆ ಮಾಡಿಸಿದೆ. ಮೂರು ತಿಂಗಳ ಸಕ್ಕರೆ ಲೆಕ್ಕ ಹೇಳುವ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4ರ ಒಳಗಿದ್ದರೆ ಶುಗರ್ ಇನ್ನೂ ಬಂದಿಲ್ಲ, ಬಾಗಿಲಲ್ಲಿ ನಿಂತಿದೆ ಅಂತ ಅರ್ಥ. ನಮ್ಮಪ್ಪನಿಗೆ ಶುಗರ್ ಇತ್ತು. ಗಾಯ ವಾಸಿಯಾಗದೆ ಕೊನೆಗೆ ಕಾಲಿನ ಎರಡು ಬೆರಳು ತೆಗೆಸಿದರು. ಹಾಗಾಗಿ ಆ ಚೀಟಿ ಕೈಗೆ ಬಂದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನದಿಂದಲೇ ಮಹಾರಾಜ ಪಾರ್ಕಿನಲ್ಲಿ ಬೆಳಗ್ಗೆ ನಡೆಯಲು ಶುರು ಮಾಡಿದೆ. ಮುದ್ದೆ ಚಿಕ್ಕದಾಯಿತು, ಸೊಪ್ಪಿನ ಸಾರು ಜಾಸ್ತಿಯಾಯಿತು, ಕಾಫಿಯಿಂದ ಸಕ್ಕರೆ ಹೋಯಿತು. 81 ಕೆಜಿ ಇದ್ದವಳು ಆಷಾಢದ ಹೊತ್ತಿಗೆ 72ಕ್ಕೆ ಬಂದೆ. ಇಷ್ಟರವರೆಗೆ ಎಲ್ಲಾ ಸರಿಯಾಗಿಯೇ ಇತ್ತು.

ಹಳೇ 38ರ ಪ್ಯಾಂಟುಗಳು ಜಾರತೊಡಗಿದವು. ಅದೇ ಹೊತ್ತಿಗೆ ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಆಷಾಢ ಸೇಲ್ ಹಾಕಿದ್ದರು. 1,199 ರೂಪಾಯಿಯ ಪ್ಯಾಂಟ್, ಮೂರು ತಗೊಂಡರೆ ಒಂದು ಫ್ರೀ. ಆಗ ನನ್ನ ಸೊಂಟ 34 ಇಂಚು. ನಾನು ತಗೊಂಡಿದ್ದು 32, ಅದೂ ನಾಲ್ಕು. 'ಹೇಗೂ ಇಳೀತಿದೀನಿ, ಹಾಸನಾಂಬೆ ಬಾಗಿಲು ತೆಗೆಯೋ ಹೊತ್ತಿಗೆ ಸರಿಹೋಗುತ್ತೆ' ಅನ್ನೋ ಲೆಕ್ಕ. ಬಿಗಿ ಪ್ಯಾಂಟ್ ಹಾಕಿಕೊಂಡರೆ ತಿನ್ನೋದೂ ಕಮ್ಮಿಯಾಗುತ್ತೆ ಅಂತ ಯಾರೋ ಹೇಳಿದ ಮಾತೂ ತಲೆಯಲ್ಲಿತ್ತು. ಹಾಕಿ ನೋಡ್ತೀನಿ ಅಂದೆ. "ಸೇಲ್ ಐಟಂಗೆ ಟ್ರಯಲ್ ಇಲ್ಲ ಮೇಡಂ, ನಿಮ್ಮ ಸೈಜ್ ನಿಮಗೆ ಗೊತ್ತಲ್ವಾ" ಅಂದ ಅಂಗಡಿಯ ಹುಡುಗ. 3,597 ರೂಪಾಯಿ ಕೊಟ್ಟು ಬಂದೆ.

ಮನೆಗೆ ಬಂದು ಟೇಪು ಹಿಡಿದೆ. ನಾಲ್ಕರ ಮೇಲೂ 32 ಅಂತಲೇ ಬರೆದಿತ್ತು. ಒಂದು 33 ಇಂಚು ಇತ್ತು, ಎರಡು 32, ಇನ್ನೊಂದು 31 ಮುಕ್ಕಾಲು. ಲೇಬಲ್ ಮೇಲಿನ ನಂಬರನ್ನು ಅಳತೆ ಅಂತ ನಂಬಬೇಡಿ. ಒಂದು ಕಂಪನಿಯ 34 ಇನ್ನೊಂದರಲ್ಲಿ 36ರಷ್ಟು ಇರಬಹುದು. ಗಿರಾಕಿಗೆ ಖುಷಿಯಾಗಲಿ ಅಂತ ದೊಡ್ಡ ಅಳತೆಗೆ ಚಿಕ್ಕ ನಂಬರ್ ಹಾಕುವುದೂ ಉಂಟು. ಅಂಗಡಿಗೆ ಹೋಗುವಾಗ ಬ್ಯಾಗಿನಲ್ಲಿ ಒಂದು ಇಂಚು ಟೇಪು ಇಟ್ಟುಕೊಳ್ಳಿ. ಪ್ಯಾಂಟಿನ ಗುಂಡಿ ಹಾಕಿ, ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ, ಸೊಂಟದ ಪಟ್ಟಿ ಅಳೆದು, ಬಂದದ್ದನ್ನು ಎರಡರಿಂದ ಗುಣಿಸಿ. ಅದು ನಿಜವಾದ ಅಳತೆ.

33 ಇದ್ದದ್ದನ್ನು ಮಂಚದ ಮೇಲೆ ಮಲಗಿ, ಉಸಿರು ಬಿಗಿಹಿಡಿದು ಹಾಕಿಕೊಂಡೆ. ಗುಂಡಿ ಕೂತಿತು. ಅವತ್ತು ಎಷ್ಟು ಖುಷಿಪಟ್ಟೆ ಅಂದರೆ ಕನ್ನಡಿ ಮುಂದೆ ನಿಂತು ಫೋಟೋ ತೆಗೆದು ತಂಗಿಗೆ ಕಳಿಸಿದೆ. ಮಾರನೇ ದಿನದಿಂದ ಅದೇ ಪ್ಯಾಂಟ್, ಮೇಲೊಂದು ಬೆಲ್ಟು, ದಿನಕ್ಕೆ ಒಂಬತ್ತು ಗಂಟೆ ಕುರ್ಚಿ. ಸಂಜೆ ಬಿಚ್ಚಿದಾಗ ಸೊಂಟದ ಸುತ್ತ ಹಗ್ಗ ಕಟ್ಟಿದ ಹಾಗೆ ಕೆಂಪು ಗೆರೆ. ಊಟವಾದ ಮೇಲೆ ಎದೆಯುರಿ. ಎರಡನ್ನೂ ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ.

ಮೂರು ವಾರ ಕಳೆದ ಮೇಲೆ ತೊಡೆ ಶುರುವಾಯಿತು. ಬಲಗಾಲು, ತೊಡೆಯ ಹೊರಬದಿ, ಸುಮಾರು ಎರಡು ಅಂಗೈ ಅಗಲದ ಜಾಗ. ಮೊದಲು ಜುಂ ಅನ್ನುತ್ತಿತ್ತು. ಆಮೇಲೆ ಬಿಸಿನೀರು ಚೆಲ್ಲಿದ ಹಾಗೆ ಉರಿ. ಕೈಯಿಂದ ಮುಟ್ಟಿದರೆ ಬೇರೆ ಯಾರದೋ ಕಾಲು ಮುಟ್ಟಿದ ಹಾಗೆ, ದಪ್ಪ ಬಟ್ಟೆ ಸುತ್ತಿದ ಹಾಗೆ. ಒಂದು ಸಂಜೆ ಸ್ಕೂಟರಿನಲ್ಲಿ ಮನೆಗೆ ಹೋಗುವಾಗ ಎನ್.ಆರ್. ಸರ್ಕಲ್ ಹತ್ತಿರ ಉರಿ ಎಷ್ಟು ಜಾಸ್ತಿಯಾಯಿತೆಂದರೆ ಗಾಡಿ ಬದಿಗೆ ಹಾಕಿ ನಿಂತುಬಿಟ್ಟೆ. ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಶುಗರ್ ಕಾಲಿಗೆ ಬಂತು. ಅಪ್ಪನಿಗೂ ಮೊದಲು ಮರಗಟ್ಟಿದ್ದೇ ಕಾಲು. ಮನೆಯಲ್ಲಿ ಯಾರಿಗೂ ಹೇಳದೆ ಐದು ದಿನ ತಳ್ಳಿದೆ. ಆರನೇ ದಿನ ನಮ್ಮ ಮನೆಯವರೇ ನನ್ನ ಮುಖ ನೋಡಿ ಕೇಳಿದರು. ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.

ಡಾಕ್ಟರ್ ಪೆನ್ನು ಕೊಟ್ಟು, ಎಲ್ಲಿಂದ ಎಲ್ಲಿಯವರೆಗೆ ಮರಗಟ್ಟಿದೆಯೋ ಅಲ್ಲಿ ಗೆರೆ ಹಾಕಿ ತೋರಿಸಿ ಅಂದರು. ಆಮೇಲೆ ಸೊಂಟದ ಮುಂದಿನ ಮೂಳೆಯ ಪಕ್ಕ, ಪ್ಯಾಂಟಿನ ಪಟ್ಟಿ ಕೂರುವ ಜಾಗದಲ್ಲಿ ಹೆಬ್ಬೆರಳಿಟ್ಟು ಒತ್ತಿದರು. ತೊಡೆಯವರೆಗೂ ಕರೆಂಟ್ ಹೊಡೆದ ಹಾಗಾಯಿತು. "ಎಷ್ಟು ದಿನದಿಂದ ಹಾಕ್ತಾ ಇದೀರಮ್ಮ ಈ ಪ್ಯಾಂಟು?" ಅಂತ ಕೇಳಿದರು. ನನಗೆ ತಕ್ಷಣ ಅರ್ಥವಾಗಲಿಲ್ಲ.

ತೊಡೆಯ ಹೊರಬದಿಯ ಚರ್ಮಕ್ಕೆ ಹೋಗುವ ಒಂದು ನರ ಸೊಂಟದ ಮೂಳೆಯ ಒಳಬದಿಯಲ್ಲೇ ಹಾದು ಕೆಳಗಿಳಿಯುತ್ತದೆಯಂತೆ. ಬಿಗಿ ಪಟ್ಟಿ, ಬಿಗಿ ಬೆಲ್ಟು ಅಲ್ಲಿ ಒತ್ತಿದರೆ ಹೀಗಾಗುತ್ತದೆ. ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಅಂತ ಹೆಸರು. ಈ ನರ ಸ್ಪರ್ಶಕ್ಕೆ ಮಾತ್ರ, ಕಾಲಿನ ಬಲ ಕಮ್ಮಿಯಾಗುವುದಿಲ್ಲ. ದಪ್ಪಗಿರುವವರಿಗೆ, ಬಸುರಿಯರಿಗೆ, ಸೊಂಟಕ್ಕೆ ಭಾರದ ಬೆಲ್ಟು ಕಟ್ಟಿ ಕೆಲಸ ಮಾಡುವವರಿಗೂ ಬರುತ್ತದೆ. ಶುಗರಿನಿಂದ ನರಕ್ಕೆ ಪೆಟ್ಟಾದರೆ ಸಾಮಾನ್ಯವಾಗಿ ಎರಡೂ ಪಾದಗಳಿಂದ ಶುರುವಾಗುತ್ತದೆ, ಹೀಗೆ ಒಂದೇ ತೊಡೆಯಲ್ಲಿ ಅಲ್ಲ ಅಂತ ಬಿಡಿಸಿ ಹೇಳಿದರು. ಆ ಮಾತು ಕೇಳಿ ಅಲ್ಲೇ ಅತ್ತುಬಿಟ್ಟೆ.

ಇದನ್ನು ಓದಿ ನಿಮ್ಮ ಕಾಲಿನ ಮರಗಟ್ಟುವಿಕೆಗೆ ಪ್ಯಾಂಟೇ ಕಾರಣ ಅಂತ ನೀವೇ ತೀರ್ಮಾನ ಮಾಡಿಕೊಳ್ಳಬೇಡಿ. ತೋರಿಸಿಕೊಳ್ಳಿ. ಕಾಲಿನ ಬಲ ಕಮ್ಮಿಯಾದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ಕಾಯಬೇಡಿ.

ಔಷಧಿ ಅಂತ ಹೆಚ್ಚೇನೂ ಕೊಡಲಿಲ್ಲ. ಬಿಗಿ ಬಟ್ಟೆ ಬಿಡಿ, ನಡೆಯೋದು ಬಿಡಬೇಡಿ ಅಂದರು. ಉರಿ ಇಳಿಯಲು ಎರಡು ತಿಂಗಳು ಬೇಕಾಯಿತು.

ಹೊಸ ಪ್ಯಾಂಟ್ ಹಾಕುವ ಹಾಗಿಲ್ಲ, ಹಳೆಯದು ಜಾರುತ್ತದೆ. ಆಗ ಎರಡನೇ ತಪ್ಪು ಮಾಡಿದೆ. ಹಳೇ 38ರ ಎರಡು ಪ್ಯಾಂಟನ್ನು ಒಬ್ಬ ಟೈಲರ್ ಹತ್ತಿರ ಆಲ್ಟರಿಗೆ ಕೊಟ್ಟೆ. ಆಗ 68 ಕೆಜಿ ಇದ್ದೆ. "ನಾಲ್ಕು ಇಂಚು ಹಿಡೀಬೇಕು" ಅಂದೆ. ಆತ ಬೇಡ ಅನ್ನಲಿಲ್ಲ. ಅರ್ಧ ಗಂಟೆಯಲ್ಲಿ, ನನ್ನ ಕಣ್ಣೆದುರೇ, ಹಿಂದಿನ ಮಧ್ಯದ ಹೊಲಿಗೆಯಲ್ಲಿ ನಾಲ್ಕಿಂಚೂ ಹಿಡಿದು ಹೊಡೆದ. ಒಳಗೆ ಉಳಿದ ಬಟ್ಟೆಯನ್ನು ಕತ್ತರಿಯಿಂದ ಸರ್ರನೆ ಕತ್ತರಿಸಿ ಕೆಳಗೆ ಹಾಕಿದ. ಮೊಳದುದ್ದದ ಕಪ್ಪು ತುಂಡುಗಳು ಮೆಷಿನ್ ಕೆಳಗೆ ಬಿದ್ದವು. ಅವೇ ನನ್ನ ಪ್ಯಾಂಟಿನ ಪ್ರಾಣ ಅಂತ ಆಗ ಗೊತ್ತಿರಲಿಲ್ಲ.

ಹಾಕಿ ನೋಡಿದರೆ ಸೊಂಟ ಸರಿಯಾಗಿದೆ, ಉಳಿದದ್ದೆಲ್ಲ ಹಾಳಾಗಿದೆ. ಹಿಂದಿನ ಎರಡು ಜೇಬುಗಳ ನಡುವೆ ಎರಡು ಬೆರಳಿನಷ್ಟೂ ಜಾಗ ಇಲ್ಲ. ಪಕ್ಕದ ಹೊಲಿಗೆ ಹಿಂದಕ್ಕೆ ಎಳೆದುಕೊಂಡಿದೆ. ಸೀಟ್, ಅಂದರೆ ಕೂರುವ ಭಾಗ, ಕೆಳಗೆ ಜೋಲುತ್ತಿದೆ, ತೊಡೆ ಇನ್ನೂ ದೊಗಳೆ. ಒಂದು, ಒಂದೂವರೆ ಇಂಚಿನವರೆಗೆ ಮಧ್ಯದ ಹೊಲಿಗೆಯಲ್ಲಿ ಹಿಡಿಯಬಹುದು. ಅದಕ್ಕಿಂತ ಜಾಸ್ತಿ ಆದರೆ ಸೊಂಟದ ಪಟ್ಟಿ ಬಿಚ್ಚಿ, ಎರಡೂ ಪಕ್ಕದಲ್ಲಿ, ಸೀಟಿನಲ್ಲಿ, ತೊಡೆಯಲ್ಲಿ ಹಂಚಿಕೊಂಡು ತೆಗೆಯಬೇಕು. ಆ ಕೂಲಿ ಹೊಸದನ್ನು ಹೊಲಿಸುವುದರ ಹತ್ತಿರಕ್ಕೆ ಹೋಗುತ್ತದೆ.

ಡಿಸೆಂಬರಿನಲ್ಲಿ ತಂಗಿಯ ಮದುವೆ ಬಂತು. ಓಡಾಟ, ಊಟ, ವಾಕಿಂಗ್ ಬಿಟ್ಟದ್ದು, ಎಲ್ಲಾ ಸೇರಿ ಮೂರು ಕೆಜಿ ವಾಪಸ್ ಬಂತು. ತೂಕ ಇಳಿಸುವವರಿಗೆ ಇದು ಆಗುವಂಥದ್ದೇ. ಆದರೆ ಪ್ಯಾಂಟ್ ಬಿಚ್ಚಿ ದೊಡ್ಡದು ಮಾಡೋಣ ಅಂದರೆ ಬಟ್ಟೆ ಎಲ್ಲಿದೆ? ಷೋರೂಮಿನಲ್ಲಿ ಒಬ್ಬರು ಗಿರಾಕಿಗೆ ಹಿಂದಿನ ಟಯರ್ ತೋರಿಸಲು ಕುಕ್ಕರಗಾಲಲ್ಲಿ ಕೂತೆ. ಹಿಂದಿನ ಹೊಲಿಗೆ ಪರ್ ಅಂತ ಬಿಟ್ಟಿತು. ಏಳಲಾಗದೆ ಹಾಗೇ ಕೂತಿದ್ದೆ. ಜೊತೆಗೆ ಕೆಲಸ ಮಾಡುವ ಹುಡುಗಿ ಒಂದೂ ಮಾತಾಡದೆ ಬಂದು ತನ್ನ ಸ್ವೆಟರ್ ಬಿಚ್ಚಿ ನನ್ನ ಸೊಂಟಕ್ಕೆ ಕಟ್ಟಿದಳು. ಗಿರಾಕಿಗೆ ಉಳಿದದ್ದನ್ನು ತಾನೇ ವಿವರಿಸಿದಳು. ಹಾಸನದ ಆ ಚಳಿಯಲ್ಲಿ ಇಡೀ ದಿನ ಅವಳು ಬರೀ ಶರ್ಟಿನಲ್ಲಿದ್ದಳು. ಅವಳ ಆ ಉಪಕಾರ ನಾನು ಮರೆಯುವುದಿಲ್ಲ.

ಉಳಿದ ಮೂರು ಹೊಸ ಪ್ಯಾಂಟುಗಳ ಕತೆ ಬೇಗ ಹೇಳಿಬಿಡುತ್ತೇನೆ. ಒಂದರ ಜಿಪ್ಪು ಮೊದಲ ಸಲ ಎಳೆದಾಗಲೇ ಬಾಯಿ ಬಿಟ್ಟಿತು. ಆದರೆ ಆ ಮೊದಲ ಸಲ ಬಂದದ್ದು ಅಕ್ಟೋಬರಿನಲ್ಲಿ, ತಗೊಂಡು ಮೂರು ತಿಂಗಳಾದ ಮೇಲೆ. ಅಂಗಡಿಯವರು 'ಮಾರಿದ ಮಾಲು ವಾಪಸ್ ಇಲ್ಲ' ಬೋರ್ಡ್ ತೋರಿಸಿದರು. ಆಮೇಲೆ ತಿಳಿದದ್ದು: ಕೆಟ್ಟ ಮಾಲಿಗೆ ಆ ಬೋರ್ಡ್ ನಡೆಯುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಳ್ಳದಿರುವುದು ಅನ್ಯಾಯದ ವ್ಯಾಪಾರ. 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಆದರೆ ಸೈಜ್ ಆಗಲಿಲ್ಲ ಅನ್ನುವುದು ದೋಷ ಅಲ್ಲ. ಮುಂದೆಂದೋ ಹಾಕುವ ಬಟ್ಟೆಯನ್ನು ಇವತ್ತು ತಂದಿಟ್ಟರೆ ಹೀಗೆ ದಿನವೂ ಮೀರುತ್ತದೆ, ಹಕ್ಕೂ ಹೋಗುತ್ತದೆ.

ಇನ್ನುಳಿದ ಎರಡು ಕೊನೆಗೂ ಸರಿಯಾಗಲೇ ಇಲ್ಲ. ಇದು ನನಗೆ ಅತೀ ನೋವಾದ ವಿಷಯ. ಸಂಕ್ರಾಂತಿ ಕಳೆದು ನನ್ನ ಸೊಂಟ ನಿಜವಾಗಿ 32ಕ್ಕೆ ಬಂತು. ಆದರೆ ಸೀಟ್ 42ರಿಂದ 40ಕ್ಕೆ ಮಾತ್ರ ಇಳಿದಿತ್ತು. ನನಗೆ ಮೊದಲು ಇಳಿದದ್ದು ಹೊಟ್ಟೆ, ಕೊನೆಗೆ ತೊಡೆ. ಆ ಪ್ಯಾಂಟ್ ನೇರ ಮೈಯವರಿಗೆ ಹೊಲಿದದ್ದು. ಕೂತರೆ ತೊಡೆ ಹಿಡಿಯುತ್ತದೆ, ಬೆನ್ನ ಹಿಂದೆ ಪಟ್ಟಿ ಬಾಯಿ ಬಿಡುತ್ತದೆ. ಮೈ ಎಲ್ಲಾ ಕಡೆ ಒಂದೇ ಸಮ ಇಳಿಯುವುದಿಲ್ಲ. ಎಲ್ಲಿ ಎಷ್ಟು ಇಳಿಯುತ್ತದೆ ಅಂತ ಮೊದಲೇ ಹೇಳಲೂ ಆಗುವುದಿಲ್ಲ. ಹಾಗಿರುವಾಗ ಇನ್ನೂ ಬಾರದ ಮೈಗೆ ಪ್ಯಾಂಟ್ ತಗೊಂಡದ್ದೇ ತಪ್ಪು.

ಕೊನೆಗೆ ನನ್ನನ್ನು ಕಾಪಾಡಿದ್ದು ನಮ್ಮ ಬೀದಿಯಲ್ಲೇ ಹೊಲಿಯುವ ಒಬ್ಬ ಅಕ್ಕ. ಮೊದಲು ಕುರ್ಚಿಯಲ್ಲಿ ಕೂರಿಸಿ ಅಳತೆ ತಗೊಂಡರು. "ನಿಂತಾಗ ಎಲ್ಲಾ ಪ್ಯಾಂಟೂ ಚೆಂದ ಕಣಮ್ಮ, ಕೂತಾಗ ನೋಡಬೇಕು" ಅಂದರು. ಹೊಟ್ಟೆ, ತೊಡೆ ಎರಡೂ ಕೂತಾಗ ಒಂದೆರಡು ಇಂಚು ಅಗಲವಾಗುತ್ತವೆ. ಸೀಟ್ ಮತ್ತು ತೊಡೆಗೆ ಸರಿಯಾಗುವ ಪ್ಯಾಂಟ್ ಆರಿಸು, ಸೊಂಟವನ್ನು ನಾನು ಹಿಡಿಯುತ್ತೇನೆ ಅಂತ ಹೇಳಿಕೊಟ್ಟರು. ಸೊಂಟ ಚಿಕ್ಕದು ಮಾಡುವುದು ಸುಲಭ, ತೊಡೆ ದೊಡ್ಡದು ಮಾಡಲು ಬಟ್ಟೆ ಎಲ್ಲಿಂದ ಬರಬೇಕು? ಒಂದೇ ಒಂದು ಕಪ್ಪು ಪ್ಯಾಂಟ್ ತಗೊಂಡೆ. ಸ್ವಲ್ಪ ಎಳೆಯುವ ಬಟ್ಟೆಯದು. ಅಕ್ಕ ಬೆನ್ನ ಕಡೆ ಪಟ್ಟಿಯೊಳಗೆ ನಾಲ್ಕು ಇಂಚು ಎಲಾಸ್ಟಿಕ್ ಇಟ್ಟರು. ಹಿಂದಿನ ಹೊಲಿಗೆಗೆ ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ, ಕೂತು, ಬಗ್ಗಿ, ಮಂಡಿ ಎತ್ತಿ ನೋಡು ಅಂದರು. ಆಮೇಲೆಯೇ ಮೆಷಿನ್ ಓಡಿಸಿದ್ದು. ಒಳಗಿನ ಬಟ್ಟೆಯನ್ನು ಒಂದು ಎಳೆಯೂ ಕತ್ತರಿಸದೆ ಮಡಚಿ ಒಳಗೇ ಹೊಲಿದಿಟ್ಟರು.

ಆಲ್ಟರಿಗೆ ಕೊಡುವಾಗ ನೀವೂ ಬಾಯಿಬಿಟ್ಟು ಹೇಳಿ: ಒಳಗಿನ ಬಟ್ಟೆ ಕತ್ತರಿಸಬೇಡಿ. ಸುಮ್ನೆ ಇದ್ದರೆ ಕತ್ತರಿಸಿಬಿಡುತ್ತಾರೆ. ರೆಡಿಮೇಡ್ ಹೆಂಗಸರ ಪ್ಯಾಂಟಿನಲ್ಲಿ ಹೊಲಿಗೆಯ ಒಳಗೆ ಬಿಟ್ಟಿರುವ ಬಟ್ಟೆ ಮೊದಲೇ ಕಮ್ಮಿ. ಹಾಗೇ ಪ್ಯಾಂಟ್ ಹಾಕಿಕೊಂಡಾಗ ಪಟ್ಟಿಯೊಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು, ಕೂತಾಗಲೂ. ಕಾಟನ್ ಆದರೆ ಒಂದು ಸಲ ಒಗೆದು ಒಣಗಿಸಿದ ಮೇಲೆಯೇ ಆಲ್ಟರಿಗೆ ಕೊಡಿ, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ.

ಈಗ 66 ಕೆಜಿ ಇದ್ದೇನೆ. ಎಚ್‌ಬಿಎ1ಸಿ 5.6ಕ್ಕೆ ಇಳಿದಿದೆ. ಕೆಲಸಕ್ಕೆ ಎರಡೇ ಪ್ಯಾಂಟ್, ರಾತ್ರಿ ಒಗೆದು ಹಾಕಿದರೆ ಬೆಳಗ್ಗೆ ಒಣಗಿರುತ್ತದೆ. ಮಳೆಗಾಲದಲ್ಲಿ ಮಾತ್ರ ಇಸ್ತ್ರಿ ಪೆಟ್ಟಿಗೆ ಬೇಕು. ಉಗಾದಿ ಕಳೆದ ಮೇಲೆ ಅಕ್ಕನ ಹತ್ತಿರ ಮತ್ತೆ ಅಳತೆ ಕೊಡಬೇಕು. ತೊಡೆಯ ಮೇಲೆ ಒಂದು ರೂಪಾಯಿ ನಾಣ್ಯದಷ್ಟು ಜಾಗ ಇನ್ನೂ ಮಂದವಾಗಿಯೇ ಇದೆ. ಸ್ನಾನ ಮಾಡುವಾಗ ಅಲ್ಲಿ ನೀರಿನ ಬಿಸಿ ಗೊತ್ತಾಗುವುದಿಲ್ಲ.