ಕೇಟರಿಂಗ್ ಹೇಳುವ ಮೊದಲು ಆ 14 ಅಂಕಿ ನೋಡಿ

ಮುಂಬೈಯ ಮುಲುಂಡ್, ಭಾಂಡುಪ್ ಕಡೆ ಸೀಮಂತ, ಗೃಹಪ್ರವೇಶ ಇಟ್ಟುಕೊಂಡಿರುವ ನಮ್ಮವರು ಇದನ್ನು ಸ್ವಲ್ಪ ಓದಿ. ಕೇಟರಿಂಗ್‌ನವರ ಕಾರ್ಡಿನಲ್ಲಿ 14 ಅಂಕಿಯ ಲೈಸೆನ್ಸ್ ನಂಬರ್ ಅಚ್ಚಾಗಿದೆ ಅಂದ ಮಾತ್ರಕ್ಕೆ ಅದು ಅವರದೇ ಅಂತ ನಂಬಬೇಡಿ.

ಮೇ ತಿಂಗಳ ಸೆಕೆಯಲ್ಲಿ ತಂಗಿಯ ಸೀಮಂತ ಇತ್ತು. ಊಟ ಮಧ್ಯಾಹ್ನ, ಆದರೆ ಅಡುಗೆಯನ್ನು ಬೆಳಗಿನ ಜಾವವೇ ಎಲ್ಲೋ ಒಂದು ಗಾಳಾದಲ್ಲಿ (ಬಾಡಿಗೆಗೆ ಸಿಗುವ ಗೋದಾಮಿನಂಥ ಜಾಗ) ಮುಗಿಸಿ ಟೆಂಪೋದಲ್ಲಿ ತಂದು ಇಳಿಸಿದ್ದರು. ವಾಂಗೀಭಾತಿನ ಪಾತ್ರೆ ತೆರೆದಾಗ ಹಬೆಯೇ ಬರಲಿಲ್ಲ, ಮುಚ್ಚಳದ ಒಳಗೆ ನೀರು ಹನಿ ಕಟ್ಟಿ ಅನ್ನದ ಮೇಲೆ ಬೀಳುತ್ತಿತ್ತು. ಕೇಳಿದ್ದಕ್ಕೆ ಹುಡುಗ "ಬಿಸಿ ಮಾಡಿಯೇ ಬಡಿಸ್ತೇವೆ ಅಕ್ಕ" ಅಂದ. ಮಾಡಿದ ಕೂಡ. ಸಂಜೆಯೊಳಗೆ ವಾಂತಿ ಶುರು. ಮೊದಲು ಮಾವ, ಆಮೇಲೆ ಮಕ್ಕಳು, ರಾತ್ರಿ ತಂಗಿಗೇ ಸಲೈನ್ ಹಾಕಿಸಬೇಕಾಯಿತು. ಬಸುರಿ ಹೆಂಗಸು, ನಮ್ಮ ಕೈಕಾಲೇ ಆಡಲಿಲ್ಲ. ಮಗುವಿಗೆ ಏನೂ ಆಗಲಿಲ್ಲ, ದೇವರು ದೊಡ್ಡವನು.

ಡಾಕ್ಟರಿಗೆ ಅನ್ನದ ಮೇಲೇ ಅನುಮಾನ. ಬೆಂದ ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದು ವಿಷ ಬಿಡುತ್ತದಂತೆ, ಆಮೇಲೆ ಎಷ್ಟೇ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಮಾಡಿದ ಅಡುಗೆ ಬಡಿಸುವ ತನಕ 60 ಡಿಗ್ರಿಗಿಂತ ಮೇಲೆಯೇ ಇರಬೇಕು, ಅಂದರೆ ಪಾತ್ರೆ ಮುಟ್ಟಿದರೆ ಕೈ ಸುಡಬೇಕು.

ಕೇಟರಿಂಗ್‌ನವನಿಗೆ ಫೋನ್ ಮಾಡಿದರೆ "ನಮ್ಮದು ಲೈಸೆನ್ಸ್ ಇರೋ ಅಡುಗೆ, ನಿಮ್ಮ ಐಸ್‌ಕ್ರೀಮ್ ನೋಡ್ಕೊಳ್ಳಿ" ಅಂದ. ಐಸ್‌ಕ್ರೀಮ್ ತಂದಿದ್ದೂ ಅವನೇ!

ಸರಿ, ಆ ಲೈಸೆನ್ಸೇ ನೋಡೋಣ ಅಂತ ಕೂತೆ. ಆಹಾರದ ಲೈಸೆನ್ಸ್ ಎಫ್‌ಎಸ್‌ಎಸ್‌ಎಐದು, ಅಂದರೆ ಆಹಾರ ಸುರಕ್ಷತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯದು; ಆ ನಂಬರಿನಲ್ಲಿ 14 ಅಂಕಿ ಇರುತ್ತದೆ. ಮೊದಲನೆಯದು 1 ಇದ್ದರೆ ಲೈಸೆನ್ಸ್, 2 ಇದ್ದರೆ ಸಣ್ಣ ವ್ಯಾಪಾರದವರ ರಿಜಿಸ್ಟ್ರೇಷನ್. ಮುಂದಿನ ಎರಡು ಅಂಕಿ ರಾಜ್ಯದ್ದು. ಮಹಾರಾಷ್ಟ್ರಕ್ಕೆ 15, ಕರ್ನಾಟಕಕ್ಕೆ 12, ಸೆಂಟ್ರಲ್ ಲೈಸೆನ್ಸ್‌ಗೆ 00. ಈ ಮಹಾಶಯನ ಕಾರ್ಡಿನಲ್ಲಿದ್ದದ್ದು 112 ಅಂತ ಶುರುವಾಗುವ ನಂಬರ್. ಅಡುಗೆ ಮುಂಬೈಯಲ್ಲಿ, ಲೈಸೆನ್ಸ್ ಕರ್ನಾಟಕದ್ದು! ಎಫ್‌ಎಸ್‌ಎಸ್‌ಎಐ ಲೈಸೆನ್ಸಿನ ಫಾಸ್ಕಾಸ್ (FoSCoS) ವೆಬ್‌ಸೈಟಿನಲ್ಲಿ ನಂಬರ್ ಹಾಕಿ ಹುಡುಕಿದರೆ ಬೆಂಗಳೂರಿನ ಯಾವುದೋ ಬೇಕರಿಯ ಹೆಸರು ಬಂತು. ಆ ಬೇಕರಿಯವರಿಗೆ ಇದು ಗೊತ್ತೂ ಇರಲಿಕ್ಕಿಲ್ಲ ಪಾಪ.

ಮೊದಲು ವಾರ್ಡ್ ಆಫೀಸಿಗೆ ಹೋದೆವು. ಅವರು ಎಫ್‌ಡಿಎಗೆ, ಅಂದರೆ ಆಹಾರ ಮತ್ತು ಔಷಧ ಇಲಾಖೆಗೆ ಹೋಗಿ ಅಂದರು. ಕಲಬೆರಕೆ, ಹಾಳಾದ ಊಟ, ಲೈಸೆನ್ಸ್, ಇವೆಲ್ಲ ಇಲ್ಲಿ ರಾಜ್ಯದ ಎಫ್‌ಡಿಎ ನೋಡಿಕೊಳ್ಳುವುದು, ಆದ್ದರಿಂದ ಸುಮ್ನೆ ವಾರ್ಡಿಗೆ ಅಲೆಯಬೇಡಿ. ಎಫ್‌ಎಸ್‌ಎಸ್‌ಎಐ ಹೆಲ್ಪ್‌ಲೈನ್ 1800-112-100 ಕೂಡ ಇದೆ. ಫುಡ್ ಸೇಫ್ಟಿ ಆಫೀಸರ್ ಕೇಳಿದ್ದು ಮೂರೇ: ಬಿಲ್, ಆಸ್ಪತ್ರೆ ಕಾಗದ, ಉಳಿದ ಅಡುಗೆ. ಬಿಲ್ ಅಂತ ಅವನು ಕೊಟ್ಟದ್ದು ಬರೀ ಒಂದು ಚೀಟಿ. 2022ರ ಜನವರಿಯಿಂದ ಬಿಲ್ಲಿನ ಮೇಲೂ ಆ 14 ಅಂಕಿ ಇರಲೇಬೇಕು ಅಂತ ನಿಯಮ ಇದೆ, ಚೀಟಿಯಲ್ಲಿ ಎಲ್ಲಿಂದ ಬರಬೇಕು? ಉಳಿದ ಅಡುಗೆಯನ್ನೋ, ಅವನ ಹುಡುಗರು ಊಟ ಮುಗಿಯುತ್ತಿದ್ದ ಹಾಗೇ ಬಕೆಟಿಗೆ ಸುರಿದು ಒಯ್ದಾಗಿತ್ತು.

ಆಫೀಸರ್ ತಾವೇ ಸ್ಯಾಂಪಲ್ ತೆಗೆದರೆ ಅದನ್ನು ನಾಲ್ಕು ಭಾಗ ಮಾಡಿ ಸೀಲ್ ಹಾಕುತ್ತಾರೆ. ಒಂದು ಲ್ಯಾಬಿಗೆ ಹೋಗುತ್ತದೆ, 14 ದಿನದಲ್ಲಿ ರಿಪೋರ್ಟ್ ಕೊಡಬೇಕು. ಆದರೆ ತೆಗೆಯಲು ಏನಾದರೂ ಇರಬೇಕಲ್ವಾ? ಅವರು ಗಾಳಾಕ್ಕೆ ಹೋದಾಗ ತೊಳೆದು ಬೋರಲು ಹಾಕಿದ ಪಾತ್ರೆ, ಫಿನಾಯಿಲ್ ವಾಸನೆ ಅಷ್ಟೇ ಸಿಕ್ಕಿದ್ದು. ಹಾಗಾಗಿ ಊಟದ ವಿಷಯ ಅಲ್ಲಿಗೇ ನಿಂತಿತು. ನಂಬರ್ ಕದ್ದ ದೂರು ಮಾತ್ರ ಇನ್ನೂ ನಡೆಯುತ್ತಿದೆ.

ಈಗ ಅದೇ ಮನುಷ್ಯ ಬೇರೆ ಹೆಸರಿನಲ್ಲಿ ಶ್ರಾವಣದ ಪೂಜೆಗಳಿಗೆ ಆರ್ಡರ್ ಹಿಡಿಯುತ್ತಿದ್ದಾನೆ. ಹೊಸ ಕಾರ್ಡು, ಮೊಬೈಲ್ ನಂಬರ್ ಹಳೆಯದೇ. ದೂರು ನಡೆಯುತ್ತಿರುವುದರಿಂದ ಹೆಸರು ಇಲ್ಲಿ ಹಾಕುವುದಿಲ್ಲ. ಈ ಕಡೆ ಯಾರಿಗಾದರೂ ಅಡ್ವಾನ್ಸ್ ಕೊಡುವವರಿದ್ದರೆ ಮೊದಲು ಕಾರ್ಡಿನ ಫೋಟೋ ನನಗೆ ಕಳಿಸಿ, ಅವನೇ ಹೌದೋ ಅಲ್ಲವೋ ಹೇಳುತ್ತೇನೆ.