ಒಳತಿರುಚಿದ ಪಾದಕ್ಕೆ ಕಂಬಿ-ಬೂಟು: ಕೊಳ್ಳುವಾಗ ಮೊದಲು ಹಿಮ್ಮಡಿ ನೋಡಿ

ಹುಟ್ಟಿನಿಂದಲೇ ಪಾದ ಒಳಕ್ಕೆ ತಿರುಚಿಕೊಂಡ ಮಗುವಿನ ಚೀಟಿಯಲ್ಲಿ 'ಟ್ಯಾಲಿಪಿಸ್ ಈಕ್ವೈನೋವೇರಸ್' ಎಂದಿರುತ್ತದೆ. ಈಕ್ವೈನಸ್ ಎಂದರೆ ಹಿಮ್ಮಡಿ ಮೇಲಕ್ಕೆ ಎಳೆದುಕೊಂಡು ಬೆರಳುಗಳು ಕೆಳಕ್ಕೆ ಚಾಚಿರುವುದು, ವೇರಸ್ ಎಂದರೆ ಹಿಮ್ಮಡಿ ಒಳಕ್ಕೆ ವಾಲಿರುವುದು. ಪಾದದ ಮುಂಭಾಗ ಒಳಕ್ಕೆ ಬಾಗಿದ್ದರೆ ಅದು ಅಡಕ್ಟಸ್. ಪೊನ್ಸೆಟಿ ವಿಧಾನದಲ್ಲಿ ವಾರಕ್ಕೊಮ್ಮೆ ಬದಲಿಸುವ ಐದಾರು ಪ್ಲಾಸ್ಟರ್‌ಗಳಿಂದ ಪಾದ ನೇರಕ್ಕೆ ಬರುತ್ತದೆ. ಬಹಳ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಹುರಿಯನ್ನೂ (ಸ್ನಾಯುರಜ್ಜು) ಕತ್ತರಿಸಿ, 3 ವಾರ ಕೊನೆಯ ಪ್ಲಾಸ್ಟರ್ ಹಾಕುತ್ತಾರೆ. ಒಂದು ಕಂಬಿಯ ಎರಡು ತುದಿಗೆ ಬೂಟು ಜೋಡಿಸಿದ ಕಂಬಿ-ಬೂಟಿನ ಸರದಿ ಬರುವುದು ಆಮೇಲೆ. ಅದು ಪಾದವನ್ನು ತಿದ್ದುವುದಿಲ್ಲ, ತಿದ್ದಿದ್ದು ಮತ್ತೆ ಒಳಕ್ಕೆ ತಿರುಗದಂತೆ ಹಿಡಿಯುತ್ತದೆ.

ಮಾದರಿಗಳಲ್ಲಿ ನಮ್ಮ ಮೆಚ್ಚುಗೆ ಮೆತ್ತನೆಯ ಒಳಪದರ, ಮೂರು ಪಟ್ಟಿ, ಹಿಮ್ಮಡಿ ಕಾಣಲು ಹಿಂಬದಿಯಲ್ಲಿ ಕಿಂಡಿ ಇರುವ ಬೂಟಿಗೆ. ಕಿಂಡಿ ಇಲ್ಲದ ಗಟ್ಟಿ ಚರ್ಮದ ಬೂಟಿನಲ್ಲಿ ಹಿಮ್ಮಡಿ ಮೇಲೆದ್ದಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಬೂಟು ಕಂಬಿಯಿಂದ ಕಳಚುವಂತಿದ್ದರೆ ಇನ್ನೂ ಒಳ್ಳೆಯದು: ಬೂಟನ್ನು ನಿಧಾನವಾಗಿ ಕಟ್ಟಿ, ಆಮೇಲೆ ಕಂಬಿಗೆ ಸಿಕ್ಕಿಸಬಹುದು.

ಕಂಬಿಯ ಉದ್ದ ಮಗುವಿನ ಎರಡು ಭುಜಗಳ ನಡುವಿನ ಅಳತೆಯಷ್ಟಿರಬೇಕು. ಗಿಡ್ಡವಾದರೆ ಮಗುವಿಗೆ ಹಿಂಸೆ, ಕಿತ್ತುಕೊಳ್ಳಲು ಹೆಣಗುತ್ತದೆ. ತೊಂದರೆಯ ಪಾದ 60ರಿಂದ 70 ಡಿಗ್ರಿ ಹೊರಕ್ಕೆ, ಸರಿಯಿರುವ ಪಾದ 30ರಿಂದ 40 ಡಿಗ್ರಿ. ಕೋನವನ್ನು ವೈದ್ಯರೇ ಹೊಂದಿಸಬೇಕು. ಮನೆಯಲ್ಲಿ ಮಾಡಬೇಕಾದ್ದು ತಿರುಪು ಸಡಿಲವಾಗಿಲ್ಲವೇ ಎಂದು ನೋಡುವುದಷ್ಟೇ.

ಹಾಕುವಾಗ ತೆಳ್ಳನೆಯ ಹತ್ತಿ ಕಾಲುಚೀಲ ಇರಲಿ. ಮೊಣಕಾಲು ಮಡಿಸಿ, ಹಿಮ್ಮಡಿಯನ್ನು ಕೆಳಕ್ಕೂ ಹಿಂದಕ್ಕೂ ಒತ್ತಿ, ಮೊದಲು ನಡುವಿನ ಪಟ್ಟಿಯನ್ನು ಬಿಗಿಯಿರಿ. ಉಳಿದೆರಡು ಆಮೇಲೆ. ಬೆರಳ ತುದಿ ಬರುವ ಜಾಗಕ್ಕೆ ಬೂಟಿನ ಒಳಗೆ ಒಂದು ಗೆರೆ ಎಳೆದಿಡಿ. ಕಾಲನ್ನು ಮೆಲ್ಲಗೆ ಹಿಂದೆ ಮುಂದೆ ಎಳೆದಾಗ ಬೆರಳು ಗೆರೆ ಬಿಟ್ಟು ಜಾರಿದರೆ ಹಿಮ್ಮಡಿ ಕೂತಿಲ್ಲ, ನಡುವಿನ ಪಟ್ಟಿಯನ್ನೇ ಮತ್ತೆ ಬಿಗಿಯಬೇಕು.

ಹಿಮ್ಮಡಿಯ ಹಿಂದೆ ಬೊಬ್ಬೆ ಬಂದರೆ ಬಹಳ ಜನ ಪಟ್ಟಿ ಸಡಿಲಿಸುತ್ತಾರೆ. ಅದೇ ತಪ್ಪು. ಸಡಿಲವಾದ ಬೂಟಿನಲ್ಲಿ ಪಾದ ಜಾರಿ ಉಜ್ಜುವುದರಿಂದಲೇ ಬೊಬ್ಬೆ ಏಳುವುದು. ಕೆಂಪಾದ ಜಾಗಕ್ಕೆ ಲೋಷನ್ ಹಚ್ಚಬೇಡಿ, ಚರ್ಮ ಮೆತ್ತಗಾಗಿ ಇನ್ನಷ್ಟು ಸುಲಿಯುತ್ತದೆ. ಬೆರಳು ನೀಲಿಯಾದರೆ ಮಾತ್ರ ತಕ್ಷಣ ಬಿಚ್ಚಿ, ವೈದ್ಯರಿಗೆ ತೋರಿಸಿ.

ಮೊದಲ 3 ತಿಂಗಳು ದಿನಕ್ಕೆ 23 ಗಂಟೆ, ಬಳಿಕ ರಾತ್ರಿ ಮತ್ತು ಹಗಲಿನ ನಿದ್ದೆ ಸೇರಿ 12ರಿಂದ 14 ಗಂಟೆ, ಮಗುವಿಗೆ ಸುಮಾರು 4 ವರ್ಷ ತುಂಬುವವರೆಗೆ ಹಾಕಿರಬೇಕು. ಪಾದ ಮತ್ತೆ ಒಳತಿರುಗಲು ದೊಡ್ಡ ಕಾರಣ ಈ ಅವಧಿ ತಪ್ಪುವುದೇ. ಮೊದಲ ಒಂದೆರಡು ರಾತ್ರಿ ಮಗು ಅಳುತ್ತದೆ. ಆಗ ಬಿಚ್ಚದೆ, ಕಂಬಿ ಹಿಡಿದು ಎರಡೂ ಕಾಲನ್ನು ಒಟ್ಟಿಗೆ ಮಡಿಸಿ ಚಾಚಿ ಆಡಿಸಿ. ಎರಡು ಕಾಲೂ ಜೊತೆಯಾಗಿ ಆಡಬೇಕೆಂಬುದು ಮಗುವಿಗೆ ಹಾಗೆಯೇ ರೂಢಿಯಾಗುತ್ತದೆ. ಕಂಬಿಗೆ ಮೆತ್ತನೆಯ ಬಟ್ಟೆ ಸುತ್ತಿದರೆ ಮಗುವಿಗೂ ಎತ್ತಿಕೊಂಡವರಿಗೂ ಪೆಟ್ಟಾಗುವುದಿಲ್ಲ.