65 ಡಾಲರಿನ ಫ್ಲೈ ಕಟ್ಟುವ ಕಿಟ್: ಗರಿ ಒಳ್ಳೆಯದು, ಪಾಠ ತಪ್ಪು

ಟ್ರೌಟ್ ಮೀನಿಗಾಗಿ ಹುಸಿ ನೊಣಗಳನ್ನು, ಎಂದರೆ ಫ್ಲೈಗಳನ್ನು, ಮನೆಯಲ್ಲೇ ಕಟ್ಟಿಕೊಳ್ಳಲು ಬೇಕಾದ ಸಾಮಾನುಗಳನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮಾರುವ ಕಿಟ್‌ಗಳು ಅಮೆರಿಕದಲ್ಲಿ ಹಲವು ಸಿಗುತ್ತವೆ. ಅಂಥದೊಂದನ್ನು ಹಿಂದಿನ ಚಳಿಗಾಲದಲ್ಲಿ 65 ಡಾಲರ್ ಕೊಟ್ಟು ತರಿಸಿಕೊಂಡೆ. ನ್ಯೂಜೆರ್ಸಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಅದರಿಂದ ಸುಮಾರು 200 ಫ್ಲೈಗಳನ್ನು ಕಟ್ಟಿ, ಅವುಗಳಲ್ಲಿ ಹಲವನ್ನು ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ ಬೆಟ್ಟಗಳ ಬೀವರ್‌ಕಿಲ್ ಮತ್ತು ವಿಲ್ಲೋವೀಮಾಕ್ ನದಿಗಳಲ್ಲಿ ಬಳಸಿ ನೋಡಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇದೇ ಬೆಲೆಯ ಇನ್ನೆರಡು ಪೆಟ್ಟಿಗೆಗಳನ್ನು ಗೆಳೆಯರ ಮನೆಯಲ್ಲಿ ಬಿಚ್ಚಿ ನೋಡಿದಾಗ, ಮುಚ್ಚಳದ ಮೇಲಿನ ಹೆಸರು ಬೇರೆಯಿತ್ತೇ ಹೊರತು ಒಳಗಿನ ಸರಕು ಹೆಚ್ಚುಕಡಿಮೆ ಇದೇ ಆಗಿತ್ತು.

ಈ ಹವ್ಯಾಸದ ಪರಿಚಯ ಇಲ್ಲದವರಿಗೆ ಎರಡು ಮಾತು. ನಮ್ಮ ಕೆರೆ ಹೊಳೆಗಳಲ್ಲಿ ಗಾಳ ಹಾಕುವವರು ಎರೆಹುಳುವನ್ನೋ ರಾಗಿಮುದ್ದೆಯ ಉಂಡೆಯನ್ನೋ ಸಿಕ್ಕಿಸುತ್ತಾರೆ. ದೂರಕ್ಕೆ ಎಸೆಯಬೇಕಿದ್ದರೆ ಸೀಸದ ಗುಂಡು ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈಗೆ ತೂಕವೇ ಇಲ್ಲದಿರುವುದರಿಂದ ಇಲ್ಲಿ ದಾರವನ್ನೇ ದಪ್ಪವಾಗಿ, ತೂಕವಾಗಿ ಮಾಡಿರುತ್ತಾರೆ. ಬೀಸುವುದು ಆ ದಾರವನ್ನು. ಫ್ಲೈ ಅದರ ತುದಿಯಲ್ಲಿ ಸುಮ್ಮನೆ ಹೋಗಿ ಕೂರುತ್ತದೆ. ನೀರಿನ ಮೇಲೆ ತೇಲುವ ಕೀಟವನ್ನು ಹೋಲುವುದು ಡ್ರೈ ಫ್ಲೈ, ಮುಳುಗಿ ಸಾಗುವುದು ವೆಟ್ ಫ್ಲೈ. ಈ ವ್ಯತ್ಯಾಸವನ್ನು ನೆನಪಿಟ್ಟುಕೊಂಡರೆ ಸಾಕು, ನನ್ನ ಮುಖ್ಯ ತಕರಾರು ಇಲ್ಲಿಂದಲೇ ಹುಟ್ಟುತ್ತದೆ.

ಪೆಟ್ಟಿಗೆಯಲ್ಲಿ ಗಾಳವನ್ನು ಕಚ್ಚಿ ಹಿಡಿಯುವ ವೈಸ್, ನೂಲಿನ ಬಾಬಿನ್, ಕತ್ತರಿ, ಗರಿ ಹಿಡಿಯುವ ಚಿಮಟ, ಕೊನೆಯ ಗಂಟು ಹಾಕುವ ಕೊಕ್ಕೆ, ಮೂರು ಅಳತೆಯ ಗಾಳಗಳು, ನವಿಲುಗರಿಯ ಎಳೆ, ಫೆಸೆಂಟ್ ಹಕ್ಕಿಯ ಬಾಲದ ಗರಿ, ಬೂದುಬಣ್ಣದ ತುಪ್ಪಳ, ತಾಮ್ರದ ತಂತಿ, ಕಂದು ಮತ್ತು ಚುಕ್ಕೆ ಬಣ್ಣದ ಎರಡು ಕೊರಳಗರಿಯ ತುಂಡುಗಳು ಹಾಗೂ ಮೂರು ಫ್ಲೈಗಳನ್ನು ಕಟ್ಟುವ ವಿಧಾನವನ್ನು ವಿವರಿಸುವ ಕಿರುಪುಸ್ತಕ ಇದ್ದವು. ಕತ್ತರಿ ಚೂಪಾಗಿದೆ, ಚಿಮಟದ ಬಗ್ಗೆ ದೂರಿಲ್ಲ. ಬಾಬಿನ್ನಿನ ಕೊಳವೆಯ ಬಾಯಿ ಮಾತ್ರ ಒರಟಾಗಿದ್ದು ನೂಲನ್ನು ಕೊಯ್ಯುತ್ತಿತ್ತು; ಒಳಗೆ ಸೆರಾಮಿಕ್ ಕೂರಿಸಿದ ಬಾಬಿನ್ ಒಂದನ್ನು ಬೇರೆ ಕೊಂಡ ಮೇಲೆ ಆ ಕಾಟ ತಪ್ಪಿತು.

ವೈಸ್ ಈ ಪೆಟ್ಟಿಗೆಯ ಅತ್ಯಂತ ದುರ್ಬಲ ಭಾಗ. 8ನೇ ನಂಬರಿನ ಗಾಳವನ್ನು ಅದು ಗಟ್ಟಿಯಾಗಿಯೇ ಹಿಡಿಯುತ್ತದೆ. ಗಾಳದ ನಂಬರು ಹೆಚ್ಚಾದಷ್ಟೂ ಗಾತ್ರ ಸಣ್ಣದಾಗುತ್ತದೆ ಎಂಬುದು ಇಲ್ಲಿನ ಲೆಕ್ಕ. 16ನೇ ನಂಬರಿಗೆ ಬಂದಾಗ, ನೂಲನ್ನು ಸ್ವಲ್ಪ ಬಿಗಿಯಾಗಿ ಎಳೆದರೂ ಗಾಳ ತಲೆ ಬಾಗಿಸಿಬಿಡುತ್ತದೆ. ದವಡೆಯ ಲೋಹ ಮೆದುವಾಗಿರುವುದರಿಂದ ಎರಡೇ ತಿಂಗಳಲ್ಲಿ ಗಾಳದ ಅಚ್ಚು ಅದರ ಮೇಲೆ ಮೂಡಿ, ಹಿಡಿತ ಇನ್ನಷ್ಟು ಸಡಿಲವಾಯಿತು. ಹೂ ಕಟ್ಟುವವರನ್ನು ನೋಡಿದವರಿಗೆ ಈ ಕೆಲಸದ ಗುಟ್ಟು ಬೇಗ ತಿಳಿಯುತ್ತದೆ: ಬಾಳೆನಾರಿನ ಬಿಗಿ ಒಂದೇ ಸಮನಾಗಿದ್ದರೆ ಮಾಲೆ ನಿಲ್ಲುತ್ತದೆ, ಒಂದು ಕಡೆ ಸಡಿಲಬಿಟ್ಟರೆ ಮಲ್ಲಿಗೆ ಉದುರುತ್ತದೆ. ಇಲ್ಲಿಯೂ ನೂಲಿನ ಬಿಗಿಯೇ ಎಲ್ಲ. ಗಾಳವೇ ಅಲುಗಾಡುತ್ತಿದ್ದರೆ ಕೈಗೆ ಆ ಬಿಗಿಯ ಅಂದಾಜು ಎಂದೂ ಸಿಗುವುದಿಲ್ಲ.

ಆದರೂ ವೈಸ್ ಕೆಟ್ಟದ್ದೆಂದು ಬಳಸಿದವನಿಗೆ ಕೂಡಲೇ ಗೊತ್ತಾಗುತ್ತದೆ. ಗರಿಯ ವಿಷಯದಲ್ಲಿ ಹಾಗಲ್ಲ, ಅಲ್ಲಿ ಹೊಸಬರು ತಿಂಗಳುಗಟ್ಟಲೆ ತಮ್ಮ ಕೈಯನ್ನೇ ಹಳಿದುಕೊಳ್ಳುತ್ತಾರೆ. ಕಿರುಪುಸ್ತಕದ ಮೊದಲ ಎರಡು ಪಾಠಗಳು ವುಲಿ ಬಗ್ಗರ್ ಮತ್ತು ಫೆಸೆಂಟ್ ಟೇಲ್ ನಿಂಫ್. ಎರಡೂ ಮುಳುಗುವ ಫ್ಲೈಗಳು, ಎರಡೂ ನನ್ನಿಂದ ಚೆನ್ನಾಗಿಯೇ ಆದವು. ಎರಡನೆಯದು ಇಂಗ್ಲೆಂಡಿನ ಏವನ್ ನದಿಯನ್ನು ನೋಡಿಕೊಳ್ಳುತ್ತಿದ್ದ ಫ್ರ್ಯಾಂಕ್ ಸಾಯರ್ ಅವರದ್ದು. ಅವರು ನೂಲನ್ನೇ ಬಳಸದೆ ತಾಮ್ರದ ತಂತಿಯಿಂದಲೇ ಅದನ್ನು ಕಟ್ಟುತ್ತಿದ್ದರು ಎಂಬುದನ್ನು ಪುಸ್ತಕ ಹೇಳುವುದಿಲ್ಲ, ಹೇಳಿದ್ದರೆ ನನ್ನ ಅರ್ಧ ನೂಲು ಉಳಿಯುತ್ತಿತ್ತು. ಮೂರನೆಯ ಪಾಠ ಆ್ಯಡಮ್ಸ್ ಎಂಬ ಡ್ರೈ ಫ್ಲೈ. ಮಿಷಿಗನ್ನಿನ ಲಿಯೊನಾರ್ಡ್ ಹ್ಯಾಲಡೇ 1922ರಲ್ಲಿ ಕಟ್ಟಿ, ತಮ್ಮ ಸ್ನೇಹಿತ ಚಾರ್ಲ್ಸ್ ಆ್ಯಡಮ್ಸ್ ಅವರ ಹೆಸರಿಟ್ಟ ಫ್ಲೈ ಅದು. ಬೂದು ತುಪ್ಪಳದ ಮೈ, ಕಂದು ಮತ್ತು ಚುಕ್ಕೆ ಗರಿಗಳನ್ನು ಒಟ್ಟಿಗೆ ಸುತ್ತಿದ ಕೊರಳು. ನಾನು ಕಟ್ಟಿದ ಮೊದಲ ಹನ್ನೆರಡರಲ್ಲಿ ಒಂದೂ ನೆಟ್ಟಗೆ ತೇಲಲಿಲ್ಲ.

ಕಾರಣ ಗರಿಯ ಪೊಟ್ಟಣದ ಮೇಲೆಯೇ ಅಚ್ಚಾಗಿತ್ತು: ಇಂಡಿಯನ್ ಕೇಪ್. ನಮ್ಮ ನಾಡಿನ ಸಾಮಾನ್ಯ ಹುಂಜದ ಕೊರಳಿನ ಚರ್ಮವನ್ನು ಗರಿಸಹಿತ ಒಣಗಿಸಿದ್ದಕ್ಕೆ ಈ ಹೆಸರು. ಫ್ಲೈ ಕಟ್ಟುವವರಿಗೆ ಅಗ್ಗದ ಗರಿಯೆಂದರೆ ಬಹಳ ಕಾಲ ಇದೇ ಆಗಿತ್ತು. ಆಮೇಲೆ ಪೆನ್ಸಿಲ್ವೇನಿಯದ ಮೆಟ್ಜ್, ಕೊಲರಾಡೊದ ವೈಟಿಂಗ್ ಮುಂತಾದ ಸಾಕಣೆದಾರರು ಗರಿಗಾಗಿಯೇ ತಳಿ ಆಯ್ದು ಬೆಳೆಸಿದ ಕೋಳಿಗಳು ಬಂದವು. ಡ್ರೈ ಫ್ಲೈ ತೇಲುವುದು ಗರಿಯ ಎಳೆಗಳ ತುದಿಗಳು ನೀರಿನ ಮೇಲ್ಪದರವನ್ನು ಒತ್ತಿ ನಿಲ್ಲುವುದರಿಂದ. ಆದ್ದರಿಂದ ಎಳೆಗಳು ಬಿರುಸಾಗಿರಬೇಕು, ಅವುಗಳ ಉದ್ದ ಗಾಳದ ಬಾಯಿಯ ಅಗಲಕ್ಕಿಂತ ಸುಮಾರು ಒಂದೂವರೆ ಪಟ್ಟು ಇರಬೇಕು, ದಂಟು ನಾಲ್ಕಾರು ಸುತ್ತು ಬರುವಷ್ಟು ನೀಳವಾಗಿರಬೇಕು. ನಮ್ಮ ಹುಂಜದ ಸಣ್ಣ ಗರಿಗಳು ಗಿಡ್ಡ, ಬುಡದ ಕಡೆಯ ಎಳೆಗಳು ಮೆದು. ಮೆದು ಎಳೆ ನೀರು ಕುಡಿಯುತ್ತದೆ, ಫ್ಲೈ ಪಕ್ಕಕ್ಕೆ ವಾಲಿ ಮುಳುಗುತ್ತದೆ. ಲಿವಿಂಗ್‌ಸ್ಟನ್ ಮ್ಯಾನರ್ ಬಳಿಯ ಕ್ಯಾಟ್‌ಸ್ಕಿಲ್ ಫ್ಲೈ ಫಿಶಿಂಗ್ ಮ್ಯೂಸಿಯಮ್ಮಿಗೆ ಹೋಗಿದ್ದಾಗ ಅಲ್ಲಿ ಭೇಟಿಯಾದ ಹಿರಿಯರೊಬ್ಬರು ನನ್ನ ಡಬ್ಬಿಯಿಂದ ಒಂದು ಆ್ಯಡಮ್ಸ್ ತೆಗೆದು, ಕೊರಳನ್ನು ತುಟಿಗೆ ತಾಗಿಸಿ ನೋಡಿ, ತಪ್ಪು ಬೆರಳಿನದಲ್ಲ, ಕೋಳಿಯದು ಎಂದರು. ಅಂದೇ ಸಾಕಿದ ತಳಿಯ ಗರಿಯ ಸಣ್ಣ ಪೊಟ್ಟಣವೊಂದನ್ನು ಕೊಂಡೆ. ಅದರ ಒಂದೇ ನೀಳ ಗರಿಯಿಂದ ಮೂರು ನಾಲ್ಕು ಫ್ಲೈ ಆಗುತ್ತವೆ, ಅವೆಲ್ಲವೂ ತೇಲುತ್ತವೆ.

ಹಾಗೆಂದು ಇಂಡಿಯನ್ ಕೇಪನ್ನು ಎಸೆಯಬೇಕಾಗಿಲ್ಲ, ಅದಕ್ಕೆ ತಕ್ಕ ಪಾಠ ಬೇಕಿತ್ತು ಅಷ್ಟೆ. ನವಿಲುಗರಿಯ ಎಳೆಗಳನ್ನು ಗಾಳದ ಮೈಗೆ ಸುತ್ತಿ, ಮುಂದೆ ಇದೇ ಕಂದು ಗರಿಯನ್ನು ಎರಡು ಸುತ್ತು ಹಾಕಿದರೆ ಬ್ರೌನ್ ಹ್ಯಾಕಲ್ ಎಂಬ ಹಳೆಯ ವೆಟ್ ಫ್ಲೈ ಆಗುತ್ತದೆ. ಮೆದು ಎಳೆಗಳು ಹರಿವಿನಲ್ಲಿ ಹಿಂದಕ್ಕೆ ಬಾಗಿ ಜೀವವಿದ್ದಂತೆ ಮಿಸುಕುತ್ತವೆ. ಡ್ರೈ ಫ್ಲೈಗೆ ದೋಷವಾಗಿದ್ದದ್ದು ಇಲ್ಲಿ ಗುಣ. ಇದಕ್ಕೆ ಬೇಕಾದದ್ದೆಲ್ಲ ಪೆಟ್ಟಿಗೆಯಲ್ಲೇ ಇತ್ತು. ತಯಾರಕರು ಮೂರನೆಯ ಪಾಠವನ್ನು ಬದಲಿಸಿದ್ದರೆ ಸಾಕಿತ್ತು, ಒಂದು ಡಾಲರ್ ಕೂಡ ಹೆಚ್ಚಿಗೆ ಖರ್ಚಾಗುತ್ತಿರಲಿಲ್ಲ.

ಗರಿಯ ಮಾತು ಬಂದಾಗ ಕನ್ನಡಿಗರಿಗೆ ಒಂದು ಎಚ್ಚರಿಕೆ. ಊರಿಗೆ ಹೋದಾಗ ಒಂದಿಷ್ಟು ನವಿಲುಗರಿಯನ್ನು ಚೀಲದಲ್ಲಿ ಹಾಕಿಕೊಂಡು ಬರೋಣ ಎಂದು ನನಗೂ ಅನ್ನಿಸಿತ್ತು. ಭಾರತದಿಂದ ನವಿಲುಗರಿಯ ರಫ್ತಿಗೆ ನಿಷೇಧವಿದೆ. ಪಶ್ಚಿಮಘಟ್ಟದ ನಮ್ಮ ಬೂದು ಕಾಡುಕೋಳಿಯ ಕೊರಳಿನಲ್ಲಿ ಮೇಣದ ಹನಿಯಂತೆ ಹೊಳೆಯುವ ಚುಕ್ಕೆಗಳಿರುತ್ತವೆ. ಸಾಲ್ಮನ್ ಮೀನಿನ ಹಳೆಯ ಅಲಂಕಾರದ ಫ್ಲೈಗಳಲ್ಲಿ ಆ ಗರಿಗೆ ಇರುವಷ್ಟು ಬೆಲೆ ಕೆಲವೇ ಗರಿಗಳಿಗೆ ಇದೆ. ಆದರೆ ಆ ಹಕ್ಕಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಅದರ ಗರಿಯನ್ನು ಮುಟ್ಟುವ ಆಸೆಯೇ ಬೇಡ. ಈ ಪೆಟ್ಟಿಗೆಯಲ್ಲಿ ಅದರ ಬದಲಿಗೆ ಚುಕ್ಕೆ ಅಚ್ಚೊತ್ತಿದ ಪ್ಲಾಸ್ಟಿಕ್ ತುಣುಕುಗಳಿದ್ದವು. ನೋಡಲು ಸಾಧಾರಣ, ಆದರೆ ನನಗೆ ಅದೇ ಸರಿಯೆನಿಸಿತು.

ಕೊಳ್ಳಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಹೀಗಿದೆ. ಈ ಕೆಲಸ ತನಗೆ ಹಿಡಿಸುವುದೋ ಇಲ್ಲವೋ ಎಂದು ನೋಡಬಯಸುವವರು, ಮಕ್ಕಳೊಂದಿಗೆ ನಾಲ್ಕು ಭಾನುವಾರ ಕಳೆಯಲು ನೆಪ ಹುಡುಕುವವರು ಕೊಳ್ಳಬಹುದು. ಮೂರನೆಯ ಪಾಠವನ್ನು ಬಿಟ್ಟು ಬ್ರೌನ್ ಹ್ಯಾಕಲ್ ಕಟ್ಟಲಿ. ನದಿಗೆ ಇಳಿಯುವುದು ನಿಶ್ಚಯವಾಗಿರುವವರು ಇದೇ ಹಣವನ್ನು ಒಳ್ಳೆಯ ವೈಸ್‌ಗೆ ಮುಂಗಡವೆಂದು ಎತ್ತಿಡುವುದು ಮೇಲು. ನಾನು ಈಗ ಬಳಸುತ್ತಿರುವುದು ಫ್ಲಾರಿಡಾದ ರೆನ್‌ಜೆಟ್ಟಿ ಕಂಪನಿಯ ಟ್ರಾವೆಲರ್. ಬೆಲೆ ಈ ಪೆಟ್ಟಿಗೆಯ ಮೂರು ಪಟ್ಟಿಗೂ ಹೆಚ್ಚು. ಹಿಡಿ ತಿರುಗಿಸಿದರೆ ಗಾಳ ತನ್ನ ಅಕ್ಷದ ಮೇಲೆಯೇ ಸುತ್ತುವುದರಿಂದ ಫ್ಲೈಯ ಆಚೆ ಬದಿಯನ್ನೂ ನೋಡುತ್ತ ಕಟ್ಟಬಹುದು. ಕಿಟ್ಟಿನ ಹಳೆಯ ವೈಸನ್ನು ಮಗಳಿಗೆ ಕೊಟ್ಟಿದ್ದೇನೆ. ಅವಳು 8ನೇ ನಂಬರಿನ ಗಾಳಕ್ಕೆ ಗುಲಾಬಿ ಬಣ್ಣದ ವುಲಿ ಬಗ್ಗರ್ ಕಟ್ಟುತ್ತಿದ್ದಾಳೆ. ಆ ಗಾತ್ರಕ್ಕೆ ಅದು ಇನ್ನೂ ಜಾರಿಲ್ಲ.